ಗಬ್ಬೂರಿಗೆ ಊರ ಕೈತೋಟ: ಜಾಗ ಸಿಗ್ತದ, ಮೇ ತಿಂಗಳ ನೀರು ಯಾರು ಹಾಕ್ತಾರ?

ಗಬ್ಬೂರು (ದೇವದುರ್ಗ): ಶಾಲೆ ಅಂಗಳ, ಅಂಗನವಾಡಿ ಹಿಂದಿನ ಜಾಗ, ಓಣಿ ಮೂಲೆ. ಎಲ್ಲರೂ ಸೇರಿ ಕಾಯಿಪಲ್ಯ ಬೆಳೆಯೋಣ ಅನ್ನೋ ಮಾತು ಹೊಸದಲ್ಲ. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಲು ಕೇಂದ್ರ ಸರ್ಕಾರ 2019ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೆ ನಮ್ಮ ಭಾಗದಾಗ ಮಳೆಗಾಲಕ್ಕೆ ತೋಟ ಹಚ್ಚೋದು ಸುಲಭ. ಬೇಸಿಗೆ ದಾಟಿಸೋದು ಕಷ್ಟ.

ಯಾಕೆ ಬೇಕು?

ರಾಯಚೂರು ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಇರುವ ಜಿಲ್ಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಐದು ಮಂದಿ ಮನೆಗೆ 2 ಕಿಲೋ. ದಿನಗೂಲಿ ಮನೆಯವರು ಸಂತೆಯಿಂದ ದಿನಾ ಅಷ್ಟು ತರೋದು ಆಗದ ಮಾತು.

ರೊಟ್ಟಿ, ಪುಂಡಿಪಲ್ಯದ ನಾಡಿದು. ಹೊಲದಾಗ ಮಾತ್ರ ಹತ್ತಿ, ಮೆಣಸಿನಕಾಯಿ, ನೀರು ಹರಿದಲ್ಲಿ ಭತ್ತ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ಬೆಳೆಯೋ ಊರಿನವರೂ ಕೊಳ್ಳೋರ ಸಾಲಿನಾಗ ನಿಂತಿದ್ದರು.

ನೀರಿನ ಲೆಕ್ಕ

ಒಂದು ಗುಂಟೆ ಅಂದ್ರ 1,089 ಚದರಡಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ ನೀರು ಸಾಕು ಅಂದುಕೊಂಡರೂ ಗುಂಟೆಗೆ ಸುಮಾರು 500 ಲೀಟರ್ ಬೇಕು. 15 ಲೀಟರ್ ಕೊಡದಲ್ಲಿ 33 ಕೊಡ. ಐದು ಗುಂಟೆ ತೋಟಕ್ಕೆ 165 ಕೊಡ, ಅದೂ ದಿನಾ. ನಾರಾಯಣಪುರ ಬಲದಂಡೆ ಕಾಲುವೆ ನೀರು ನಂಬಿದರೆ ಬಿರುಬೇಸಿಗೆಯಲ್ಲಿ ಅದು ಬಂದ್. ಕುಡಿಯೋ ನೀರಿಗೇ ಪಾಳಿ ಹಚ್ಚೋ ಟೈಮಿನಾಗ ತೋಟಕ್ಕೆ ನಳದ ನೀರು ಕೇಳಿದ್ರ ಜಗಳ ಗ್ಯಾರಂಟಿ.

ಹಂಗಾಗಿ ಒಂದು ಅಥವಾ ಎರಡು ಗುಂಟೆಯಿಂದ ಶುರು ಮಾಡೋದು ಜಾಣತನ. ನಳದ ಕಟ್ಟೆಯಿಂದ ಹರಿದುಹೋಗೋ ನೀರು ತಿರುಗಿಸಿದರೆ ನುಗ್ಗಿ, ಬಾಳೆ, ಕರಿಬೇವಿಗೆ ಸಾಕಾಗ್ತದ. ಬುಡಕ್ಕೆ ತೊಗರಿ ಹೊಟ್ಟು, ಒಣಹುಲ್ಲು ಮುಚ್ಚಿದ್ರ ನೀರು ಉಳೀತದ. ಪುಂಡಿ, ರಾಜಗಿರಿ, ಮೆಂತ್ಯೆಯಂಥ ಸೊಪ್ಪನ್ನು ಮಳೆಗಾಲ-ಚಳಿಗಾಲಕ್ಕೆ ಇಟ್ಟುಕೊಂಡು, ಬೇಸಿಗೆಯಲ್ಲಿ ಗಿಡ ಮಾತ್ರ ಉಳಿಸಿಕೊಂಡರೂ ತೋಟ ಸತ್ತಂಗಲ್ಲ.

ಪಾಳಿ ಯಾರದು?

ಕಾಲುವೆ ನೀರಿಗೆ ವಾರಾಬಂದಿ ಅಂದ್ರ ಏನಂತ ಇಲ್ಲಿನ ರೈತರಿಗೆ ಹೇಳಿಕೊಡಬೇಕಿಲ್ಲ. ತೋಟಕ್ಕೂ ಅದೇ ಪದ್ಧತಿ ಬೇಕು: ಹತ್ತು ಮನೆ, ವಾರದ ಪಾಳಿ, ಗೋಡೆ ಮ್ಯಾಲ ಹೆಸರು.

ತೊಡಕು ಇರೋದು ಗುಳೆಯಲ್ಲಿ. ಸುಗ್ಗಿ ಮುಗಿದ ಮ್ಯಾಲ ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋಗೋರು ಬಡವರೇ. ಸೊಪ್ಪು ಹೆಚ್ಚು ಬೇಕಾಗಿರೋದೂ ಅವರ ಮಕ್ಕಳಿಗೇ. ಬೇಸಿಗೆ ಪಾಳಿ ತಪ್ಪಿತು ಅಂತ ಅವರ ಪಾಲು ಕಿತ್ತುಕೊಂಡರೆ ತೋಟ ಉಳ್ಳವರದ್ದಾಗ್ತದ. ಊರಲ್ಲಿ ಇರೋರು ಬೇಸಿಗೆ ಪಾಳಿ, ಗುಳೆ ಹೋಗೋರು ಮಳೆಗಾಲದ ಅಗೆತ, ಕಳೆ ಅಂತ ಮೊದಲೇ ಹಂಚಿಕೊಂಡರೆ ಈ ತಕರಾರು ತಪ್ಪುತ್ತದೆ.

ಜಾಗದ್ದೂ ಅಷ್ಟೇ ಸೂಕ್ಷ್ಮ. ಎಲ್ಲ ಓಣಿಯವರೂ ಅಳುಕಿಲ್ಲದೆ ಕಾಲಿಡೋ ಜಾಗ ಇರಬೇಕು. ಗಬ್ಬೂರು ಹಳೇ ಗುಡಿ, ಶಾಸನಗಳ ಊರು. ಗುಡಿ ಸುತ್ತ ಖಾಲಿ ಕಂಡರೂ ಸಂಬಂಧಪಟ್ಟ ಇಲಾಖೆ ಕೇಳದೆ ಗುದ್ದಲಿ ಹಾಕಬಾರದು.

ಅಂಗಡಿಯವರಿಗೆ ಏನು?

ಎರಡು ಗುಂಟೆ ತೋಟದಿಂದ ಕಾಯಿಪಲ್ಯ ಅಂಗಡಿ ವ್ಯಾಪಾರ ಬೀಳಂಗಿಲ್ಲ. ಉಳ್ಳಾಗಡ್ಡಿ, ಆಲೂಗಡ್ಡಿ, ಟೊಮೆಟೊ ಅಂಗಡಿಯಿಂದಲೇ ಬರಬೇಕು. ಬದಲಿಗೆ ಸಂಜೆ ಉಳಿಯೋ ಕೊಳೆತ ಸೊಪ್ಪು, ಹೋಟೆಲಿನ ಚಹಾಪುಡಿ ಚರಂಡಿಗೆ ಹೋಗದೆ ಗೊಬ್ಬರ ಗುಂಡಿ ಸೇರಿದ್ರ ಬಜಾರಿನ ವಾಸನಿನೂ ಕಡಿಮೆ ಆಗ್ತದ.

ದನ, ಕುರಿ, ಹಂದಿ ತಡೆಯೋ ಬೇಲಿ ಖರ್ಚು, ನೀರಿನ ಮೂಲ, ಪಾಳಿ ಪಟ್ಟಿ, ಪಾಲಿನ ಲೆಕ್ಕ. ಈ ನಾಲ್ಕನ್ನೂ ಗ್ರಾಮಸಭೆಯಲ್ಲಿ ಬರೆಸಿ ನಡಾವಳಿಗೆ ಸೇರಿಸಬೇಕು. ಅದಾಗದೆ ಸಸಿ ನೆಟ್ಟು ಫೋಟೋ ಹೊಡೆಸಿಕೊಂಡರೆ ಮುಂದಿನ ಯುಗಾದಿಗೆ ಅಲ್ಲಿ ಜಾಲಿ ಮಾತ್ರ ಇರ್ತದ.