ಎಲ್ಲರೂ ಹೂಂ ಅಂದರೆ ಸಭೆ ಯಾಕೆ?

ನಮ್ಮ ರೈತರ ಗುಂಪಿನದು ತಿಂಗಳಿಗೊಂದು ಸಭೆ. ಇಪ್ಪತ್ತು ಮೂವತ್ತು ಜನ ಸೇರುತ್ತೇವೆ. ಮೊದಲು ಮಾತಾಡಿದವರು ಏನು ಹೇಳುತ್ತಾರೋ ಉಳಿದವರೂ ಅದನ್ನೇ ಹೇಳುತ್ತಾರೆ. ಟೀ ಕುಡಿದು ಏಳುತ್ತೇವೆ. ಹೊಸದಾಗಿ ತಿಳಿದದ್ದು ಏನೂ ಇರುವುದಿಲ್ಲ.

2023ರ ಮುಂಗಾರಿಗೆ ಮುಂಚೆ ಅಕ್ಕಡಿ ಸಾಲಿನ ಮಾತು ಬಂತು. "ಕೊಯ್ಲಿಗೆ ಮಿಷನ್ ಬರುತ್ತೆ. ನಡುವೆ ತೊಗರಿ, ಅವರೆ ಇದ್ರೆ ಅಡ್ಡಿ. ಬರೀ ರಾಗಿ ಹಾಕೋಣ" ಅಂದರು ಒಬ್ಬರು. ಆಳು ಸಿಗದ ಕಾಲ, ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಎಲ್ಲರೂ ಹೂಂ ಅಂದರು. ನಾನೂ ಹೂಂ ಅಂದೆ. ಆದರೆ ನನ್ನ ಹೊಲದಲ್ಲಿ ಮಾತ್ರ, ಅಪ್ಪ ಹಾಕುತ್ತಿದ್ದ ಹಾಗೆ, ರಾಗಿ ನಡುವೆ ತೊಗರಿ, ಅವರೆ, ಹುಚ್ಚೆಳ್ಳಿನ ಸಾಲು ಹಾಕಿದೆ. ಏಳನೇ ಕ್ಲಾಸು ಓದಿದವನು, ಸಭೆಯಲ್ಲಿ ಎದ್ದು ಎದುರು ಮಾತಾಡೋದು ಹೇಗೆ ಅಂತ ಸಂಕೋಚ.

ಆ ವರ್ಷ ರಾಜ್ಯದ 223 ತಾಲೂಕು ಬರಪೀಡಿತ ಅಂತ ಸರಕಾರವೇ ಸಾರಿತು. ನನ್ನ ರಾಗಿಯೂ ಜೊಳ್ಳಾಯಿತು. ತೊಗರಿ ಬೇರು ಆಳಕ್ಕೆ ಇಳಿಯುತ್ತೆ, ಹೇಗೋ ತಡೆದುಕೊಂಡಿತು. ಮನೆಗಾಗುವಷ್ಟು ಬೇಳೆ, ದನಕ್ಕೆ ಒಂದಿಷ್ಟು ಹೊಟ್ಟು ಸಿಕ್ಕಿತು. ಪಕ್ಕದ ಹೊಲದ ಹುಡುಗ ಸಭೆಯ ಮಾತು ನಂಬಿ ಬರೀ ರಾಗಿ ಹಾಕಿದ್ದ. ಅವನಿಗೆ ಏನೂ ಇಲ್ಲ. ಬದುವಿನ ಮೇಲೆ ನಿಂತು ಕೇಳಿದ: "ನಿಮಗೆ ಗೊತ್ತಿತ್ತಲ್ಲ ಮಾವ, ಅವತ್ತು ಯಾಕೆ ಬಾಯಿ ಬಿಡಲಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಹೇಳಬೇಕಿದ್ದದ್ದು ಹೊಸ ವಿಷಯ ಏನಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಂತ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೇ ಶಿಫಾರಸು ಮಾಡಿದೆ. ಸ್ವಂತ ಮಾತು ಅಂದರೆ ಯಾರೂ ಹೇಳದ ಮಾತು ಆಗಬೇಕಿಲ್ಲ, ನಮ್ಮ ಹೊಲದಲ್ಲಿ ನಾವೇ ಕಂಡದ್ದಾದರೆ ಸಾಕು. ಎಲ್ಲದಕ್ಕೂ ಅಡ್ಡ ಮಾತಾಡೋರೂ ಇದ್ದಾರೆ. ಅವರ ಮಾತಿಗೂ ಹೊಲದ ಲೆಕ್ಕ ಇರೋಲ್ಲ. ಅವತ್ತು ನಾನು ಬಾಯಿ ಬಿಟ್ಟಿದ್ದರೆ, ಅರ್ಧ ಹೊಲ ಮಿಷನ್ನಿಗೆ, ಅರ್ಧ ಅಕ್ಕಡಿಗೆ ಅಂತಲಾದರೂ ಒಂದು ದಾರಿ ಹುಟ್ಟುತ್ತಿತ್ತು.

ಈಗ ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ತೀರ್ಮಾನಕ್ಕೆ ಮುಂಚೆ ಪ್ರತಿಯೊಬ್ಬರೂ ತಮ್ಮ ಹೊಲದಲ್ಲಿ ಕಂಡದ್ದು ಒಂದು ಹೇಳಬೇಕು. ಎಷ್ಟು ಬೀಜ, ಯಾವ ಮಳೆಗೆ ಬಿತ್ತಿದ್ದು, ಏನು ಕೈಗೆ ಬಂತು ಅಂತ. ಸೋತದ್ದಾದರೂ ಸರಿ. ಮೊದಲು ಹುಡುಗರು ಮಾತಾಡಬೇಕು. ಹಿರಿಯರು ಮೊದಲು ಹೇಳಿದರೆ ಅವರು ಹೂಂ ಅಂದುಬಿಡುತ್ತಾರೆ. ಬೇರೆ ಮಾತು ಹೇಳಿದವರನ್ನು ನೋಡಿ "ಇವನದೊಂದು" ಅಂತ ಯಾರೂ ನಗಬಾರದು.

ನಿಮ್ಮೂರಲ್ಲೂ ಮಾಡಿ ನೋಡಿ. ಹೇಗಾಯಿತು ಅಂತ ಬರೆಯಿರಿ.