ಸೇವಾಸಂಘಗಳೂ ನೆರೆಯ ಶಾಲೆಗಳೂ

ಮುಂಬಯಿಯಲ್ಲಿ ಜೂನ್ ತಿಂಗಳ ಮಳೆ ಹಿಡಿಯುವುದೂ ನಗರದ ಸೇವಾಸಂಘಗಳು ಶಾಲೆಗಳ ಬಾಗಿಲಿಗೆ ಬರುವುದೂ ಸರಿಸುಮಾರು ಒಂದೇ ಕಾಲಕ್ಕೆ. ರೋಟರಿ, ಲಯನ್ಸ್ ಮೊದಲಾದ ಸಂಸ್ಥೆಗಳಿರಲಿ, ನಮ್ಮವರೇ ಕಟ್ಟಿದ ಕನ್ನಡ ಸಂಘಗಳಿರಲಿ, ನೋಟ್‌ಬುಕ್ಕು, ಕೊಡೆ, ಚೀಲಗಳ ಕಟ್ಟುಗಳನ್ನು ಹೊತ್ತು ಬಂದು ಬಡ ಮಕ್ಕಳಿಗೆ ಹಂಚುತ್ತವೆ. ಇದು ಸತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಕೊಡುವ ಕೈಯನ್ನು ಹಳಿಯುವುದು ಈ ಲೇಖನದ ಉದ್ದೇಶವೂ ಅಲ್ಲ. ಆದರೆ ಕೊಟ್ಟದ್ದರಿಂದ ಮಗುವಿಗೆ ಆದ ಪ್ರಯೋಜನವೇನೆಂದು ಕೊಟ್ಟವರು ಒಮ್ಮೆಯಾದರೂ ಕೇಳಿಕೊಳ್ಳಬೇಕಲ್ಲವೇ?

ಕೆಲವು ಕಾಲದ ಹಿಂದೆ ಅಂತಹ ಒಂದು ಸಮಾರಂಭಕ್ಕೆ ನಾನೂ ಹೋಗಿದ್ದೆ. ಬೆಳಿಗ್ಗೆ ಹತ್ತಕ್ಕೆಂದು ಸಾರಿದ ಕಾರ್ಯಕ್ರಮ ಅಧ್ಯಕ್ಷರು ಬಂದ ಮೇಲೆ ಹನ್ನೊಂದೂವರೆಗೆ ಆರಂಭವಾಯಿತು. ಅಷ್ಟು ಹೊತ್ತೂ ಮಕ್ಕಳು ನೆಲದ ಮೇಲೆ ಸಾಲಾಗಿ ಕುಳಿತಿದ್ದರು. ಹಾರಗಳಾದವು, ಶಾಲುಗಳಾದವು, ಭಾಷಣಗಳಾದವು, ಭಾವಚಿತ್ರಗಳಾದವು. ಕೊನೆಗೆ ನಾಲ್ಕನೆಯ ತರಗತಿಯ ಒಬ್ಬ ಹುಡುಗ ಆರು ನೋಟ್‌ಬುಕ್ಕುಗಳನ್ನು ಎದೆಗವಚಿಕೊಂಡು ನನ್ನ ಪಕ್ಕದಲ್ಲಿಯೇ ನಿಂತ. ಹೊದಿಕೆಯ ಮೇಲೆ ಸಂಘದ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದರು. "ಇದೇನು ಬರೆದಿದೆ, ಓದು ಮಗು," ಎಂದೆ. ಅವನು ಅಕ್ಷರಗಳನ್ನು ಒಂದೊಂದಾಗಿ ಹೇಳಿದ. ಕೂಡಿಸಿ ಓದಲು ಅವನಿಂದಾಗಲಿಲ್ಲ. ಒತ್ತಕ್ಷರ ಬಂದಲ್ಲಿ ನಿಂತುಬಿಟ್ಟ.

"ಮನೆಯಲ್ಲಿ ಓದಿಸುವವರು ಯಾರು?" ಎಂದು ಕೇಳಿದೆ. ಅಪ್ಪ ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ, ಬೆಳಕು ಹರಿಯುವ ಮುನ್ನ ಹೋದವನು ಮಗ ಮಲಗಿದ ಮೇಲೆ ಬರುತ್ತಾನೆ. ಅಮ್ಮ ನಾಲ್ಕು ಮನೆಗಳಲ್ಲಿ ಅಡುಗೆ ಮಾಡಿ ಬರುತ್ತಾಳೆ. "ಯಾರೂ ಇಲ್ಲ" ಎಂಬುದೇ ಅವನ ಉತ್ತರ. ನೋಟ್‌ಬುಕ್ಕು ಅವನಲ್ಲಿ ಮೊದಲೇ ಇತ್ತು. ಮುಂಬಯಿ ಮಹಾನಗರಪಾಲಿಕೆ ತನ್ನ ಶಾಲೆಗಳ ಮಕ್ಕಳಿಗೆ ಪುಸ್ತಕ, ಸಮವಸ್ತ್ರ, ಚೀಲಗಳನ್ನು ಉಚಿತವಾಗಿ ಕೊಡುತ್ತದೆ. ಅವನಿಗಿಲ್ಲದಿದ್ದುದು ಪಕ್ಕದಲ್ಲಿ ಕುಳಿತು, ಬೆರಳಿಟ್ಟು, ಒತ್ತಕ್ಷರವನ್ನು ತೋರಿಸಿಕೊಡುವ ಒಬ್ಬ ಹಿರಿಯ. ಅಂದು ವೇದಿಕೆಯ ಮೇಲೂ ಕೆಳಗೂ ಸಂಘದ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರಿದ್ದರು. ಎಲ್ಲರೂ ಓದುಬರಹ ಬಲ್ಲವರೇ. ಮಧ್ಯಾಹ್ನ ಒಂದಕ್ಕೆ ಎಲ್ಲರೂ ಊಟಕ್ಕೆ ಹೋದರು. ಮುಂದಿನ ಜೂನ್‌ವರೆಗೆ ಅವರಲ್ಲಿ ಯಾರೂ ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲವೆಂದು ಅಲ್ಲಿಯ ಶಿಕ್ಷಕಿಯೊಬ್ಬರು ಬಳಿಕ ತಿಳಿಸಿದರು.

ನಾನು ಹೇಳಬೇಕಾದುದು ಇಷ್ಟೇ: ಸೇವಾಸಂಘವು ಶಾಲೆಗೆ ಕೊಡಬೇಕಾದ ಮೊದಲ ದಾನ ತನ್ನ ಸದಸ್ಯರ ಹೊತ್ತು. ವಸ್ತುದಾನ ಅದರ ನಂತರದ್ದು.

ಸೇವಾಸಂಘಗಳ ಚರಿತ್ರೆಯನ್ನೇ ನೋಡಿ. ಅಮೆರಿಕದ ಶಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲನು ಮೂವರು ಸಂಗಡಿಗರೊಂದಿಗೆ 1905ರಲ್ಲಿ ರೋಟರಿಯನ್ನು ಆರಂಭಿಸಿದ. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು ಬಂತು. 1907ರಲ್ಲಿ ಅವರು ಕೈಗೊಂಡ ಮೊದಲ ಸಾರ್ವಜನಿಕ ಕಾರ್ಯವೆಂದರೆ ನಗರಕ್ಕೊಂದು ಸಾರ್ವಜನಿಕ ಶೌಚಾಲಯ. ಅಲ್ಲಿ ಹಾರಕ್ಕೆ ಆಸ್ಪದವೆಲ್ಲಿ? ಅದೇ ನಗರದಲ್ಲಿ 1917ರಲ್ಲಿ ಮೆಲ್ವಿನ್ ಜೋನ್ಸ್ ಎಂಬವನಿಂದ ಲಯನ್ಸ್ ಹುಟ್ಟಿಕೊಂಡಿತು. ಎರಡೂ ಭಾರತಕ್ಕೆ ಬಂದು ಬೇರೂರಿವೆ. ಇತ್ತೀಚಿನ ವರ್ಷಗಳಲ್ಲಿ ರೋಟರಿಯವರು ಹಲವು ಸರಕಾರಿ ಶಾಲೆಗಳಿಗೆ ಶೌಚಾಲಯ, ಕುಡಿಯುವ ನೀರು, ಬೆಂಚು, ಪುಸ್ತಕಭಂಡಾರಗಳನ್ನು ಒದಗಿಸಿದ್ದಾರೆ. ಇವೆಲ್ಲ ಸ್ತುತ್ಯವೇ. ಆದರೆ ಈ ಸಂಘಗಳಲ್ಲಿ ನನ್ನ ಮನಸ್ಸನ್ನು ಸೆಳೆದುದು ಅವರ ಹಣವಲ್ಲ, ಹಾಜರಿ. ವಾರದ ಸಭೆಗೆ ಬಂದವರಾರು, ಬಾರದವರಾರು ಎಂದು ಕಟ್ಟುನಿಟ್ಟಾಗಿ ಲೆಕ್ಕವಿಡುವುದು ರೋಟರಿಯ ಹಳೆಯ ಸಂಪ್ರದಾಯ. ಊಟದ ಸಭೆಗೆ ಹಿಡಿದ ಈ ಹಾಜರಿಯನ್ನು ಶಾಲೆಯ ಸೇವೆಗೂ ಹಿಡಿದರೆ ದೇಶದ ಎಷ್ಟು ಮಕ್ಕಳ ಬಾಳು ಬೆಳಗೀತು!

ಇದೇನು ಹೊರಗಿನಿಂದ ಕಲಿಯಬೇಕಾದ ಪಾಠವೇ ಎಂದರೆ, ಖಂಡಿತ ಅಲ್ಲ. ಮುಂಬಯಿ ಕನ್ನಡಿಗರ ಪಾಲಿಗೆ ಇದು ಮನೆಯ ಮಾತು. ಮೊಗವೀರ ವ್ಯವಸ್ಥಾಪಕ ಮಂಡಳಿ ಈ ನಗರದಲ್ಲಿ ಸ್ಥಾಪನೆಯಾದುದು 1902ರಲ್ಲಿ, ಎಂದರೆ ಶಿಕಾಗೊದ ರೋಟರಿಗಿಂತಲೂ ಮೂರು ವರ್ಷ ಮೊದಲು. ಆ ಮಂಡಳಿಯೂ ಅದರಂತಹ ಇತರ ಸಂಘಗಳೂ ನಡೆಸಿದ ಕನ್ನಡ ರಾತ್ರಿಶಾಲೆಗಳನ್ನು ನಮ್ಮ ಹಿರಿಯರು ಬಲ್ಲರು. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ಸಂಜೆ ಧಣಿಗಳ ಅನುಮತಿ ಪಡೆದು ಪುಸ್ತಕ ಹಿಡಿದು ಓಡುತ್ತಿದ್ದರು. ಅವರಿಗೆ ಕಲಿಸಿದವರಲ್ಲಿ ಅನೇಕರು ಹಗಲು ಬೇರೆ ಕಡೆ ದುಡಿದು ದಣಿದವರೇ. ಅವರು ಕೊಟ್ಟದ್ದು ತಮ್ಮ ವಿಶ್ರಾಂತಿಯ ಹೊತ್ತನ್ನು. ಆ ಹೊತ್ತಿನಿಂದಲೇ ಮಾಣಿಯಾಗಿ ಬಂದವನು ಮೆಟ್ರಿಕ್ ಮುಗಿಸಿ ಬ್ಯಾಂಕಿನ ಗುಮಾಸ್ತನಾದ, ಇನ್ನೊಬ್ಬ ವಕೀಲನಾದ, ಮತ್ತೊಬ್ಬ ತಾನೇ ಹೋಟೆಲಿನ ಧಣಿಯಾದ. ಇಂದು ನಮ್ಮ ಸಂಘಗಳ ವೇದಿಕೆಯ ಮೇಲೆ ಕುಳಿತಿರುವ ಹಿರಿಯರಲ್ಲಿ ಎಷ್ಟು ಮಂದಿ ಆ ರಾತ್ರಿಶಾಲೆಗಳ ಋಣಿಗಳೆಂಬುದನ್ನು ಅವರೇ ಎದೆ ಮುಟ್ಟಿ ಹೇಳಲಿ.

ಕಾಲ ಬದಲಾಗಿದೆ. 2006ರ ಅಕ್ಟೋಬರ್‌ನಿಂದ ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲುಗಳಲ್ಲಿ ದುಡಿಸುವುದು ಕಾನೂನಿನಂತೆ ನಿಷಿದ್ಧವಾಗಿದೆ. ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಆರರಿಂದ ಹದಿನಾಲ್ಕರ ವಯಸ್ಸಿನ ಪ್ರತಿ ಮಗುವಿಗೂ ಶಾಲೆ ಉಚಿತವೂ ಕಡ್ಡಾಯವೂ ಆಗಿದೆ. ಅಂದು ರಾತ್ರಿಶಾಲೆಗೆ ಓಡುತ್ತಿದ್ದ ಹುಡುಗನ ವಯಸ್ಸಿನವನು ಇಂದು ಹಗಲುಶಾಲೆಯಲ್ಲಿಯೇ ಕುಳಿತಿದ್ದಾನೆ. ಇದು ದೊಡ್ಡ ಗೆಲುವು. ಆದರೆ ಶಾಲೆಯಲ್ಲಿ ಕುಳಿತಿರುವುದು ಬೇರೆ, ಕಲಿಯುವುದು ಬೇರೆ. ಗ್ರಾಮೀಣ ಭಾರತದಲ್ಲಿ 2024ರಲ್ಲಿ ನಡೆದ ಅಸರ್ ಸಮೀಕ್ಷೆಯಂತೆ, ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೆಯ ತರಗತಿಯ ಪಾಠವನ್ನು ಓದಲು ಬರುವುದಿಲ್ಲ. ನಗರದ ಬಡ ಮಕ್ಕಳ ಪಾಡು ಏನೆಂಬುದಕ್ಕೆ ನೋಟ್‌ಬುಕ್ಕು ಅವಚಿಕೊಂಡು ನಿಂತ ಆ ಹುಡುಗನೇ ನನಗೆ ಸಾಕ್ಷಿ.

ವಸ್ತುವಿಗಿಂತ ಹೊತ್ತು ಹೆಚ್ಚೆಂಬುದು ಕೇವಲ ಭಾವನೆಯ ಮಾತಲ್ಲ, ಪರೀಕ್ಷಿಸಿ ನೋಡಿದ ಮಾತು. ಆಫ್ರಿಕದ ಕೀನ್ಯಾ ದೇಶದ ಶಾಲೆಗಳಿಗೆ ಪಠ್ಯಪುಸ್ತಕಗಳನ್ನು ಹಂಚಿ ಫಲವನ್ನು ಅಳೆದ ವಿದ್ವಾಂಸರು, ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗಷ್ಟೇ ಅದರಿಂದ ಲಾಭವಾಯಿತು, ಹಿಂದುಳಿದವರು ಹಿಂದೆಯೇ ಉಳಿದರು ಎಂದು 2009ರಲ್ಲಿ ಪ್ರಕಟಿಸಿದರು. ಇದಕ್ಕೆ ಎದುರಾಗಿ ನಮ್ಮ ಮುಂಬಯಿಯಲ್ಲಿಯೂ ವಡೋದರದಲ್ಲಿಯೂ 2001ರಿಂದ 2003ರವರೆಗೆ ಪ್ರಥಮ್ ಎಂಬ ಸಂಸ್ಥೆ ನಡೆಸಿದ 'ಬಾಲಸಖಿ' ಪ್ರಯೋಗವಿದೆ. ಪ್ರೌಢಶಾಲೆ ಮುಗಿಸಿದ ನೆರೆಹೊರೆಯ ತರುಣಿಯರು ಅಲ್ಪ ಸಂಬಳಕ್ಕೆ ಬಂದು, ಮೂರನೆಯ ಮತ್ತು ನಾಲ್ಕನೆಯ ತರಗತಿಯ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ತಾಸು ಪ್ರತ್ಯೇಕವಾಗಿ ಕೂರಿಸಿ ಓದನ್ನೂ ಲೆಕ್ಕವನ್ನೂ ಹೇಳಿಕೊಟ್ಟರು. ಅವರಿಗೆ ದೊಡ್ಡ ಪದವಿಯೇನೂ ಇರಲಿಲ್ಲ. ಆದರೂ ಮಕ್ಕಳು ಮುಂದೆ ಬಂದರು, ತೀರ ಹಿಂದೆ ಇದ್ದವರಿಗೇ ಹೆಚ್ಚು ಲಾಭವಾಯಿತು. ಪ್ರಯೋಗ ನಿಂತ ಮೇಲೆ ಆ ಲಾಭ ಕುಗ್ಗಿತೆಂಬುದನ್ನೂ ಮರೆಯಬಾರದು. ಈ ಪರೀಕ್ಷೆಗಳಲ್ಲಿ ಪಾಲ್ಗೊಂಡ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಇವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಹಳ್ಳಿಯ ಸ್ವಯಂಸೇವಕರು ಕೆಲವೇ ದಿನಗಳ ತರಬೇತಿ ಪಡೆದು ಓದುವ ತರಗತಿಗಳನ್ನು ನಡೆಸಿದರು. ಅಲ್ಲಿಗೆ ಬಂದ ಮಕ್ಕಳು ನಿಜವಾಗಿಯೂ ಕಲಿತರು. ಆದರೆ ತರಗತಿಗಳು ಶಾಲೆಯ ಹೊರಗೆ ನಡೆದುದರಿಂದ ಬಂದವರೇ ಕಡಿಮೆ. ಇದರಿಂದ ನಮಗೆರಡು ಪಾಠಗಳು: ಕಲಿಸುವುದಕ್ಕೆ ಪಂಡಿತನೇ ಬೇಕೆಂದಿಲ್ಲ, ಮತ್ತು ಮಕ್ಕಳಿರುವಲ್ಲಿಗೆ, ಎಂದರೆ ಶಾಲೆಗೇ, ನಾವು ಹೋಗಬೇಕು.

"ನಮಗೆಲ್ಲಿದೆ ಪುರಸೊತ್ತು?" ಎಂದು ಹೋಟೆಲಿನ ಬಂಧುಗಳು ಕೇಳಿಯಾರು. ಪ್ರಶ್ನೆ ನ್ಯಾಯವಾದುದೇ. ಬೆಳಗಿನ ತಿಂಡಿಯಿಂದ ರಾತ್ರಿಯ ಊಟದವರೆಗೆ ನಿಂತ ಕಾಲಲ್ಲೇ ದುಡಿಯುವವರ ಮೇಲೆ ಹೊಸ ಹೊರೆ ಹೊರಿಸುವುದು ಯಾರಿಗೂ ಶೋಭಿಸದು. ಆದರೆ ಮಧ್ಯಾಹ್ನದ ಊಟದ ಗದ್ದಲ ಅಡಗಿ ಸಂಜೆಯ ಚಹಾದ ಗಿರಾಕಿ ಬರುವ ತನಕ ಅನೇಕ ಹೋಟೆಲುಗಳಲ್ಲಿ ಒಂದೆರಡು ತಾಸು ಬಿಡುವಿರುತ್ತದೆ. ಮಧ್ಯಾಹ್ನದ ಪಾಳಿಯ ಶಾಲೆಗಳು ನಡೆಯುವುದೂ ಅದೇ ಹೊತ್ತಿನಲ್ಲಿ. ವಾರಕ್ಕೊಂದು ದಿನ, ಒಂದೇ ತಾಸು, ಹತ್ತಿರದ ಶಾಲೆಗೆ ಹೋದರೆ ಸಾಕು. ಇಬ್ಬರು ಜೊತೆಗೂಡಿ ಹೊಣೆ ಹೊತ್ತರೆ ಒಬ್ಬನಿಗೆ ಪಾಳಿ ಬದಲಾದಾಗ ಇನ್ನೊಬ್ಬ ಹೋಗಬಹುದು. ಹತ್ತು ಮೇಜುಗಳ ಬಿಲ್ಲನ್ನು ಬಾಯಲ್ಲೇ ಕೂಡಿಸಬಲ್ಲ ಮಾಣಿಗಿಂತ ಕೂಡುವ ಲೆಕ್ಕಕ್ಕೆ ಒಳ್ಳೆಯ ಗುರು ಯಾರು? ಕಚೇರಿಯ ಗುಮಾಸ್ತ ಬಂಧುಗಳಿಗಂತೂ ಶಾಲೆ ತೆರೆದಿರುವ ಶನಿವಾರಗಳಿವೆ. ಮಹಾರಾಷ್ಟ್ರದ 2020ರ ಕಾಯಿದೆಯಂತೆ ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಮರಾಠಿ ಕಲಿಕೆ ಕಡ್ಡಾಯವಾಗಿದೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಮಗುವಿಗೆ ಇಲ್ಲಿ ಆಸರೆ ಬೇಕು. ಹಗಲೆಲ್ಲ ಮರಾಠಿಯಲ್ಲಿ ಕಾಗದಪತ್ರ ಬರೆಯುವ ಗುಮಾಸ್ತರು ಆ ಆಸರೆಯಾಗಬಲ್ಲರು.

ಇನ್ನೊಂದು ಆಕ್ಷೇಪ ಶಿಕ್ಷಕರದ್ದು. "ಹೊರಗಿನವರು ಉತ್ಸಾಹದಿಂದ ಬರುತ್ತಾರೆ, ಮೂರು ವಾರದಲ್ಲಿ ಮಾಯವಾಗುತ್ತಾರೆ. ನಮ್ಮ ಪಾಠ ಕೆಡುವುದಷ್ಟೇ ಉಳಿಯುವುದು," ಎನ್ನುತ್ತಾರೆ ಅವರು. ಇದಕ್ಕೆ ಸಂಘಗಳೇ ಉತ್ತರ ಕೊಡಬೇಕು. ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು, "ನಿಮಗೇನು ಬೇಕು?" ಎಂದು ಕೇಳುವುದು. ಅವರು ತೋರಿಸಿದ ಮಕ್ಕಳನ್ನು, ಅವರು ಹೇಳಿದ ಹೊತ್ತಿನಲ್ಲಿ, ಅವರ ಕಣ್ಣೆದುರಿನಲ್ಲಿಯೇ ಕಲಿಸುವುದು. ಮಕ್ಕಳ ಸುರಕ್ಷತೆಗೂ ಇದೇ ಕ್ಷೇಮ. ಒಂದು ವರ್ಷದ ಮಾತು ಕೊಡಲಾರದವರು ಹೆಸರು ಕೊಡದಿರುವುದೇ ಲೇಸು. ವರ್ಷದ ಕೊನೆಗೆ ಸಂಘದ ವರದಿಯಲ್ಲಿ ಎಷ್ಟು ನೋಟ್‌ಬುಕ್ಕು ಹಂಚಿದೆವೆಂಬುದರ ಜೊತೆಗೆ ಎಷ್ಟು ತಾಸು ಕುಳಿತೆವು, ಎಷ್ಟು ಮಕ್ಕಳು ಓದಲು ಕಲಿತರು ಎಂಬುದೂ ಅಚ್ಚಾಗಲಿ.

ಹಣವೇ ಬೇಡವೆಂದು ನಾನು ಹೇಳುವುದಿಲ್ಲ. ನೀರಿನ ನಲ್ಲಿ, ಶೌಚಾಲಯ, ದೀಪ, ಪುಸ್ತಕದ ಕಪಾಟು ಇವು ಹಣದಿಂದಲೇ ಆಗಬೇಕು. ಆದರೆ ವಾರವಾರವೂ ಶಾಲೆಗೆ ಹೋಗುವವನಿಗೆ ಮಾತ್ರ ನಲ್ಲಿ ಒಣಗಿರುವುದು ಕಾಣುತ್ತದೆ, ಕಪಾಟಿನ ಬೀಗದ ಕೈ ಕಳೆದಿರುವುದು ತಿಳಿಯುತ್ತದೆ. ಹೊತ್ತು ಕೊಟ್ಟವನ ಹಣ ಸರಿಯಾದ ಜಾಗಕ್ಕೆ ಬೀಳುತ್ತದೆ.

ಕೊನೆಯದಾಗಿ ತಂದೆತಾಯಂದಿರಿಗೆ ಒಂದು ಮಾತು. ಸರಕಾರದ, ನಗರಪಾಲಿಕೆಯ ಹಾಗೂ ಅನುದಾನಿತ ಶಾಲೆಗಳಲ್ಲಿ ವ್ಯವಸ್ಥಾಪನ ಸಮಿತಿ ಇರಬೇಕೆಂದೂ ಅದರ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಂದಿರೋ ಪೋಷಕರೋ ಆಗಿರಬೇಕೆಂದೂ ಶಿಕ್ಷಣದ ಹಕ್ಕಿನ ಕಾಯಿದೆ ಹೇಳುತ್ತದೆ. ಆ ಸಮಿತಿಯಲ್ಲಿ ಕೂರಲು ಕೋಟು ಬೇಕಿಲ್ಲ, ಸಂಘದ ಬಿಲ್ಲೆ ಬೇಕಿಲ್ಲ. ಅಡುಗೆಯವನ ಹೆಂಡತಿಗೂ ಅಲ್ಲಿ ಕುರ್ಚಿಯಿದೆ. ಆ ಕುರ್ಚಿಯನ್ನು ಖಾಲಿ ಬಿಡಬೇಡಿ.

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ, ಅದರಲ್ಲಿ ಕನ್ನಡವೂ ಒಂದು. ಅಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆಯೆಂದು ಸಭೆಗಳಲ್ಲಿ ಮರುಗುವುದು ನಮಗೆ ರೂಢಿಯಾಗಿಬಿಟ್ಟಿದೆ. ಶಾಲೆಯಲ್ಲಿ ಮಗು ಚೆನ್ನಾಗಿ ಓದುತ್ತದೆಂದು ಕಂಡರೆ ನೆರೆಮನೆಯ ತಾಯಿಯೂ ತನ್ನ ಮಗುವನ್ನು ಅಲ್ಲಿಗೆ ಕಳಿಸಿಯಾಳು. ಬರಿಯ ಮರುಕಕ್ಕೆ ಯಾವ ತಾಯಿಯೂ ಮಗುವನ್ನು ಒಪ್ಪಿಸುವುದಿಲ್ಲ.

ಮುಂದಿನ ಜೂನ್ ಬರಲಿದೆ. ಸಂಘಗಳ ಕಾರ್ಯಕಾರಿ ಸಮಿತಿಗಳು ನೋಟ್‌ಬುಕ್ಕಿನ ಬೆಲೆ ವಿಚಾರಿಸಲಿವೆ, ಅತಿಥಿಗಳ ಹೆಸರು ಗೊತ್ತುಮಾಡಲಿವೆ. ಅದೇ ಸಭೆಯಲ್ಲಿ ಯಾರಾದರೊಬ್ಬರು ಎದ್ದುನಿಂತು, "ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕು ನನ್ನದು. ಬುಧವಾರ ಯಾರದು?" ಎಂದು ಕೇಳಲಿ. ರಾತ್ರಿಶಾಲೆಯ ಋಣ ತೀರಿಸುವ ದಾರಿ ಅಲ್ಲಿಂದ ತೊಡಗುತ್ತದೆ.