ಬಿಡಿ ಕಾರ್ಡಿನ ಬೆಲೆಯೂ ಮಾಲಿಕೆಯ ಮೌಲ್ಯವೂ: ಬೇಸ್‌ಬಾಲ್ ಕಾರ್ಡುಗಳನ್ನು ಓದುವ ಕ್ರಮ

ಇತಿಹಾಸ ಮತ್ತು ಸಾಹಿತ್ಯದ ಅಧ್ಯಯನದಲ್ಲಿ ಆಕರಗಳೆಂದೊಡನೆ ಶಾಸನ, ಹಸ್ತಪ್ರತಿ, ಕಡತ, ಪತ್ರಿಕೆ ಮೊದಲಾದವು ನಮ್ಮ ನೆನಪಿಗೆ ಬರುತ್ತವೆ. ಬಳಸಿ ಬಿಸಾಡಲೆಂದೇ ಅಚ್ಚಾದ ಕಾಗದಗಳನ್ನು ಆಕರವೆಂದು ಒಪ್ಪಿಕೊಳ್ಳಲು ವಿದ್ವಲ್ಲೋಕ ಬಹುಕಾಲ ಹಿಂಜರಿಯಿತು. ಅಂತಹ ಕಾಗದಗಳಲ್ಲಿ ಅಮೆರಿಕದ ಬೇಸ್‌ಬಾಲ್ ಕಾರ್ಡು ಒಂದು. ಅಂಗೈಗಿಂತ ಚಿಕ್ಕದಾದ ದಪ್ಪ ಕಾಗದದ ತುಂಡು; ಮುಂಬದಿಯಲ್ಲಿ ಆಟಗಾರನ ಚಿತ್ರ, ಹೆಸರು, ತಂಡ; ಹಿಂಬದಿಯಲ್ಲಿ ಜಾಹೀರಾತು ಅಥವಾ ಅಂಕಿಅಂಶ. ಸಿಗರೇಟಿನೊಂದಿಗೆ, ಆಮೇಲೆ ಚೂಯಿಂಗ್ ಗಮ್ಮಿನೊಂದಿಗೆ ಪುಕ್ಕಟೆಯಾಗಿ ಬಂದ ಈ ತುಂಡುಗಳು ಇಂದು ಕೋಟಿಗಟ್ಟಲೆ ಹಣಕ್ಕೆ ಮಾರಾಟವಾಗುತ್ತಿವೆ. ಆದರೆ ಈ ಬೆಲೆಯೇ ಅವುಗಳ ಓದಿಗೆ ಅಡ್ಡಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಸಂಗ್ರಾಹಕರು ‘ಸೆಟ್’ ಎಂದು ಕರೆಯುವ ಇಡೀ ಮಾಲಿಕೆಯೇ ಇಲ್ಲಿ ಗ್ರಂಥ. ಬಿಡಿ ಕಾರ್ಡು ಅದರ ಒಂದು ಹಾಳೆ ಮಾತ್ರ. ಮಾಲಿಕೆಯನ್ನು ಮಾಲಿಕೆಯೊಂದಿಗೆ ಹೋಲಿಸಿದಾಗ ತಿಳಿಯುವ ಸಂಗತಿಗಳು ಒಂಟಿ ಕಾರ್ಡನ್ನು ಗಾಜಿನ ಹಿಂದಿಟ್ಟು ನೋಡಿದಾಗ ತಿಳಿಯುವುದಿಲ್ಲ.

ಮಾಲಿಕೆ ಎಂಬ ಕಲ್ಪನೆಯೇ ಒಮ್ಮೆಗೆ ರೂಪುಗೊಂಡದ್ದಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟು ಮತ್ತು ತಂಬಾಕಿನ ಪೊಟ್ಟಣಗಳಲ್ಲಿ ಇರಿಸಿದ ಕಾರ್ಡುಗಳನ್ನು ಇಂದು ‘ಟಿ206’ ಎಂದು ಕರೆಯಲಾಗುತ್ತದೆ. ಕಲ್ಲಚ್ಚಿನಲ್ಲಿ ಬಣ್ಣ ತುಂಬಿದ ಈ ಕಾರ್ಡುಗಳ ಅಗಲ ಸುಮಾರು ಒಂದೂವರೆ ಅಂಗುಲ. ಹಿಂಬದಿಯಲ್ಲಿ ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್, ಸಾವರಿನ್, ಪೋಲಾರ್ ಬೇರ್ ಮುಂತಾದ ಹದಿನಾರು ತಂಬಾಕು ಹೆಸರುಗಳ ಪೈಕಿ ಒಂದರ ಜಾಹೀರಾತು ಇರುತ್ತದೆ. ಆದರೆ ಕಾರ್ಡಿನ ಮೇಲೆ ಕ್ರಮಾಂಕವಿಲ್ಲ. ಒಟ್ಟು ಎಷ್ಟು ಕಾರ್ಡುಗಳಿವೆ ಎಂಬುದು ಕೊಂಡವನಿಗೆ ತಿಳಿಯುವ ಹಾಗಿರಲಿಲ್ಲ. ಸಾಮಾನ್ಯವಾಗಿ ಒಪ್ಪಿರುವ 524 ಎಂಬ ಎಣಿಕೆ ಮುಂದೆ ಬಂದ ಸಂಗ್ರಾಹಕರ ಪರಿಶ್ರಮದ ಫಲ.

‘ಟಿ206’ ಎಂಬ ಹೆಸರೂ ಕಂಪನಿ ಇಟ್ಟದ್ದಲ್ಲ. ಅದು ಜೆಫರ್ಸನ್ ಬರ್ಡಿಕ್ (1900–1963) ಅವರ ‘ಅಮೆರಿಕನ್ ಕಾರ್ಡ್ ಕ್ಯಾಟಲಾಗ್’ ಎಂಬ ಸೂಚಿಯಿಂದ ಬಂದದ್ದು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರ ನೌಕರರಾಗಿದ್ದ ಬರ್ಡಿಕ್, ಹತ್ತೊಂಬತ್ತನೆಯ ಶತಮಾನದ ತಂಬಾಕು ಕಾರ್ಡುಗಳಿಗೆ ‘ಎನ್’, ಇಪ್ಪತ್ತನೆಯ ಶತಮಾನದವಕ್ಕೆ ‘ಟಿ’, ಮೊದಲ ಕಾಲದ ಮಿಠಾಯಿ ಕಾರ್ಡುಗಳಿಗೆ ‘ಇ’ ಎಂಬ ಸಂಕೇತಗಳನ್ನಿತ್ತು ಚದುರಿಹೋಗಿದ್ದ ರಾಶಿಗೆ ಒಂದು ವ್ಯವಸ್ಥೆಯನ್ನು ತಂದರು. ಸಂಧಿವಾತದಿಂದ ಕೈಬೆರಳುಗಳು ಸೆಟೆದುಕೊಳ್ಳುತ್ತಿದ್ದ ಸ್ಥಿತಿಯಲ್ಲಿಯೂ ಅವರು ತಮ್ಮ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಒಪ್ಪಿಸಿ, ಅಲ್ಲಿಯೇ ಕುಳಿತು ಆಲ್ಬಮ್ಮುಗಳಲ್ಲಿ ಅಂಟಿಸುತ್ತ ಹೋದರು. ಮೂರು ಲಕ್ಷಕ್ಕೂ ಮಿಕ್ಕಿದ ಆ ಸಂಗ್ರಹದಲ್ಲಿ ಬೇಸ್‌ಬಾಲ್ ಕಾರ್ಡುಗಳೇ ಮೂವತ್ತು ಸಾವಿರಕ್ಕಿಂತ ಹೆಚ್ಚು. 1963ರ ಆರಂಭದಲ್ಲಿ ಕೆಲಸ ಮುಗಿಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಇಂದಿನ ಮಾರುಕಟ್ಟೆಯ ದೃಷ್ಟಿಯಲ್ಲಿ ಕಾರ್ಡಿಗೆ ಅಂಟು ಹಚ್ಚುವುದು ಮಹಾಪರಾಧ. ಆದರೆ ಬರ್ಡಿಕ್ ಅವರಿಗೆ ಮುಖ್ಯವಾಗಿದ್ದದ್ದು ಕಾರ್ಡಿನ ಅಂಚಲ್ಲ, ಅದರ ಸ್ಥಾನ. ಯಾವ ಕಾರ್ಡಿನ ಪಕ್ಕದಲ್ಲಿ ಯಾವುದು ಬರಬೇಕೆಂಬುದನ್ನು ಅವರು ನಿರ್ಣಯಿಸದೆ ಹೋಗಿದ್ದರೆ ಇಂದಿನ ಯಾವ ತೌಲನಿಕ ಅಧ್ಯಯನಕ್ಕೂ ನೆಲೆಯಿರುತ್ತಿರಲಿಲ್ಲ.

ಇನ್ನು 1933ಕ್ಕೆ ಬರೋಣ. ಬಾಸ್ಟನ್ನಿನ ಗೌಡಿ ಗಮ್ ಕಂಪನಿ ಆ ವರ್ಷ 240 ಕಾರ್ಡುಗಳ ಮಾಲಿಕೆಯೊಂದನ್ನು ಹೊರತಂದಿತು. ಇಲ್ಲಿ ಗ್ರಾಹಕ ಬದಲಾಗಿದ್ದಾನೆ: ತಂಬಾಕು ಸೇದುವ ವಯಸ್ಕನ ಜಾಗದಲ್ಲಿ ಗಮ್ ಕೊಳ್ಳುವ ಬಾಲಕ ನಿಂತಿದ್ದಾನೆ. ಕಾರ್ಡಿನ ಹಿಂಬದಿಯಲ್ಲಿ ಆಟಗಾರನ ಕಿರುಪರಿಚಯವೂ ಕ್ರಮಾಂಕವೂ ಇವೆ. ಕ್ರಮಾಂಕ ಬಂದೊಡನೆ ಕೊರತೆಯೂ ಕಾಣತೊಡಗುತ್ತದೆ. ಈ ಮಾಲಿಕೆಯ 106ನೆಯ ಕಾರ್ಡು ಆ ವರ್ಷ ಬರಲೇ ಇಲ್ಲ. ಮಕ್ಕಳು ಅದಕ್ಕಾಗಿ ಗಮ್ ಕೊಳ್ಳುತ್ತಲೇ ಇರಲಿ ಎಂಬುದೇ ಕಂಪನಿಯ ಉದ್ದೇಶವಾಗಿತ್ತೆಂದು ಸಂಗ್ರಾಹಕರು ಸಾಮಾನ್ಯವಾಗಿ ನಂಬುತ್ತಾರೆ. ದೂರಿ ಪತ್ರ ಬರೆದವರಿಗೆ 1934ರಲ್ಲಿ ಆ ಕಾರ್ಡನ್ನು ಅಂಚೆಯ ಮೂಲಕ ಕಳುಹಿಸಲಾಯಿತು. ಅದರಲ್ಲಿದ್ದ ನೆಪೋಲಿಯನ್ ಲಾಜೊಯಿ 1916ರಲ್ಲಿಯೇ ಮೇಜರ್ ಲೀಗಿನ ಆಟದಿಂದ ನಿವೃತ್ತರಾಗಿದ್ದವರು! ಹಸ್ತಪ್ರತಿಯಲ್ಲಿ ಗರಿಯೊಂದು ಕಳೆದುಹೋದರೆ ಅದು ಕಾಲದ ಕೃತ್ಯ. ಇಲ್ಲಿ ಗರಿಯನ್ನು ಅಡಗಿಸಿಟ್ಟವನೇ ಪ್ರಕಾಶಕ.

ಮೂರನೆಯ ಘಟ್ಟ 1952ರ ಟಾಪ್ಸ್ ಮಾಲಿಕೆ. ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿಗಾಗಿ ಸೈ ಬರ್ಗರ್ ಮತ್ತು ವುಡಿ ಗೆಲ್ಮನ್ ಇದನ್ನು ರೂಪಿಸಿದರು. 407 ಕಾರ್ಡುಗಳು, ಹಿಂದಿನವುಗಳಿಗಿಂತ ದೊಡ್ಡ ಅಳತೆ, ಮುಂಬದಿಯಲ್ಲಿ ತಂಡದ ಲಾಂಛನ, ಹಿಂಬದಿಯಲ್ಲಿ ಹಿಂದಿನ ವರ್ಷದ ಹಾಗೂ ಒಟ್ಟು ಆಟಜೀವನದ ಅಂಕಿಅಂಶಗಳು. ಜಾಹೀರಾತಿನ ಚೀಟಿಯಾಗಿ ಹುಟ್ಟಿದ ಕಾರ್ಡು ಇಲ್ಲಿ ದಾಖಲೆಯ ಪುಟವಾಯಿತು. ಹುಡುಗರು ಎದುರುಬದುರು ಕುಳಿತು ಅಂಕಿಗಳನ್ನು ಹೋಲಿಸಿ ವಾದಿಸುವುದಕ್ಕೆ ಬೇಕಾದ ಸಾಮಗ್ರಿ ಇದರಿಂದ ಒದಗಿತು.

ಈ ಮೂರು ಮಾಲಿಕೆಗಳನ್ನು ಹೋಲಿಸುವಾಗ ಚಿತ್ರದ ಚೆಲುವು, ಮುದ್ರಣದ ಗುಣ ಮುಂತಾದವುಗಳಲ್ಲಿಯೇ ಸಂಗ್ರಾಹಕರ ಚರ್ಚೆ ನಿಂತುಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಇದರಲ್ಲಿ ಯಾರು ಇಲ್ಲ? ಟಿ206ರ ಐನೂರಕ್ಕೂ ಹೆಚ್ಚು ಕಾರ್ಡುಗಳಲ್ಲಿ ಕಪ್ಪುವರ್ಣದ ಅಮೆರಿಕನ್ ಆಟಗಾರ ಒಬ್ಬನೂ ಇಲ್ಲ. 1933ರ ಗೌಡಿಯಲ್ಲಿಯೂ ಇಲ್ಲ. ಆ ಕಾಲದಲ್ಲಿ ಮೇಜರ್ ಲೀಗಿನ ಬಾಗಿಲು ಅವರಿಗೆ ಮುಚ್ಚಿತ್ತು. ಅವರು ತಮ್ಮದೇ ಆದ ನೀಗ್ರೋ ಲೀಗುಗಳಲ್ಲಿ ಆಡುತ್ತಿದ್ದರು. ಈ ಅಭಾವ ಯಾವ ಒಂದು ಕಾರ್ಡಿನಲ್ಲಿಯೂ ಕಾಣುವುದಿಲ್ಲ. ಇಡೀ ಮಾಲಿಕೆಯನ್ನು ಹರಡಿಕೊಂಡಾಗ ಮಾತ್ರ ಕಾಣುತ್ತದೆ.

ಈ ಬೇಲಿಯ ಬಲ ಎಷ್ಟಿತ್ತೆಂಬುದಕ್ಕೆ ಜಿಮ್ಮಿ ಕ್ಲ್ಯಾಕ್ಸ್‌ಟನ್ ಅವರ ಕಾರ್ಡು ಸಾಕ್ಷಿ. 1916ರ ಮೇ ತಿಂಗಳಲ್ಲಿ ಅವರು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಓಕ್ಸ್ ತಂಡಕ್ಕೆ ಅಮೆರಿಕದ ಮೂಲನಿವಾಸಿಯೆಂಬ ಪರಿಚಯದೊಂದಿಗೆ ಸೇರಿದರು. ಒಂದೇ ದಿನದ ಎರಡು ಪಂದ್ಯಗಳಲ್ಲಿ ಆಡಿದರು. ಅವರಲ್ಲಿ ಕಪ್ಪುವರ್ಣೀಯರ ರಕ್ತವಿದೆಯೆಂದು ತಿಳಿದೊಡನೆ ತಂಡದಿಂದ ಹೊರಬಿದ್ದರು. ಆ ಕೆಲವೇ ದಿನಗಳ ಅವಧಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮಿಠಾಯಿ ಕಂಪನಿಯೊಂದರ ಛಾಯಾಗ್ರಾಹಕ ತಂಡದ ಚಿತ್ರಗಳನ್ನು ತೆಗೆದಿದ್ದರಿಂದ 1916ರ ‘ಜೀ-ನಟ್’ ಮಾಲಿಕೆಯಲ್ಲಿ ಅವರ ಕಾರ್ಡು ಉಳಿದುಕೊಂಡಿತು. ಬಿಡಿಯಾಗಿ ನೋಡಿದರೆ ಅದೊಂದು ಸಾಧಾರಣ ಚಿತ್ರ. ಮುಂಚಿನ ಮತ್ತು ಅನಂತರದ ಮಾಲಿಕೆಗಳ ನಡುವೆ ಇಟ್ಟು ನೋಡಿದಾಗ ಅದು ಬೇಲಿಯಲ್ಲಿನ ಒಂದೇ ಒಂದು ಕಿಂಡಿ.

1947ರಲ್ಲಿ ಜ್ಯಾಕಿ ರಾಬಿನ್ಸನ್ ಮೇಜರ್ ಲೀಗ್ ಪ್ರವೇಶಿಸಿದರು. 1952ರ ಟಾಪ್ಸ್ ಮಾಲಿಕೆಯಲ್ಲಿ 311ನೆಯ ಕಾರ್ಡು ಮಿಕಿ ಮ್ಯಾಂಟಲ್, 312 ರಾಬಿನ್ಸನ್, 313 ಬಾಬಿ ಥಾಮ್ಸನ್, 314 ರಾಯ್ ಕ್ಯಾಂಪನೆಲ್ಲ. ಬಿಳಿಯ ಮತ್ತು ಕಪ್ಪು ಆಟಗಾರರು ಹೀಗೆ ಕ್ರಮಾಂಕದಲ್ಲಿ ನೆರೆಹೊರೆಯವರಾದದ್ದು ಸಣ್ಣ ಸಂಗತಿಯೆನಿಸಬಹುದು. ಟಿ206ನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದವರಿಗೆ ಹಾಗೆನಿಸಲಾರದು. ಈ ಮಾಲಿಕೆಯಲ್ಲಿಯೂ ಕೊರತೆಗಳಿವೆ, ಆದರೆ ಕಾರಣ ಬೇರೆ. ಆ ಕಾಲದ ಮೇರು ಆಟಗಾರರಾದ ಸ್ಟ್ಯಾನ್ ಮ್ಯೂಸಿಯಲ್ ಇದರಲ್ಲಿಲ್ಲ. ಅವರ ಕಾರ್ಡು ಆ ವರ್ಷ ಪ್ರತಿಸ್ಪರ್ಧಿಯಾದ ಬೌಮನ್ ಕಂಪನಿಯ ಮಾಲಿಕೆಯಲ್ಲಿದೆ. 1909ರಲ್ಲಿ ಹೊರಗಿಟ್ಟದ್ದು ವರ್ಣಭೇದ. 1952ರಲ್ಲಿ ಹೊರಗಿಟ್ಟದ್ದು ಕರಾರುಪತ್ರ.

ಹಿಂಬದಿಯ ಅಂಕಿಗಳೂ ನಿಷ್ಪಕ್ಷಪಾತವಲ್ಲ. 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳನ್ನು ಮೇಜರ್ ಲೀಗುಗಳೆಂದು ಅಧಿಕೃತವಾಗಿ ಒಪ್ಪಿದ್ದು 2020ರ ಡಿಸೆಂಬರಿನಲ್ಲಿ. ಅವುಗಳ ಅಂಕಿಗಳು ಅಧಿಕೃತ ದಾಖಲೆಯಲ್ಲಿ ಸೇರಿದ್ದು 2024ರ ಮೇ ತಿಂಗಳಲ್ಲಿ. ಅಂದು ಜಾಶ್ ಗಿಬ್ಸನ್ (1911–1947) ಅವರ ಜೀವಮಾನದ ಬ್ಯಾಟಿಂಗ್ ಸರಾಸರಿ .372 ಎಂದು ದಾಖಲಾಗಿ, ಅದುವರೆಗೆ ಅಗ್ರಸ್ಥಾನದಲ್ಲಿದ್ದ ಟೈ ಕಾಬ್ ಅವರ .367 ಎರಡನೆಯ ಸ್ಥಾನಕ್ಕಿಳಿಯಿತು. ಕಾಬ್ ಅವರ ಚಿತ್ರ ಟಿ206ರಲ್ಲಿ ನಾಲ್ಕು ಭಂಗಿಗಳಲ್ಲಿದೆ. ಗಿಬ್ಸನ್ ಬದುಕಿದ್ದಾಗ ಅಮೆರಿಕದ ಯಾವ ಪ್ರಮುಖ ಮಾಲಿಕೆಯಲ್ಲಿಯೂ ಅವರ ಕಾರ್ಡು ಬರಲಿಲ್ಲ. ಅಗ್ರಗಣ್ಯ ಆಟಗಾರನಿಗೇ ಕಾರ್ಡಿಲ್ಲದ ಮಾಲಿಕೆಗಳನ್ನು ಒಂದು ಕಾಲದ ಸಮಗ್ರ ಚಿತ್ರವೆಂದು ಕರೆಯುವುದು ಹೇಗೆ?

ಕೇಳಬೇಕಾದ ಎರಡನೆಯ ಪ್ರಶ್ನೆ ಅಪರೂಪತೆಯನ್ನು ಕುರಿತದ್ದು. ಟಿ206ರ ಹೋನಸ್ ವ್ಯಾಗ್ನರ್ ಕಾರ್ಡಿನ ಮುದ್ರಣ ಬಹುಬೇಗ ನಿಂತಿತು. ಮಕ್ಕಳು ತಂಬಾಕು ಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲವೆಂದು ಕೆಲವರು, ಅವರು ಹಣ ಕೇಳಿದ್ದರೆಂದು ಕೆಲವರು ಹೇಳುತ್ತಾರೆ. ಉಳಿದಿರುವ ಪ್ರತಿಗಳು ಬಹಳ ಕಡಿಮೆ. 2022ರಲ್ಲಿ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ವರ್ಷ 1952ರ ಮ್ಯಾಂಟಲ್ ಕಾರ್ಡೊಂದಕ್ಕೆ 1 ಕೋಟಿ 26 ಲಕ್ಷ ಡಾಲರ್ ದೊರೆಯಿತು. ಆದರೆ ಮ್ಯಾಂಟಲ್ ಕಾರ್ಡು ತನ್ನ ಸರಣಿಯ ಇತರ ಕಾರ್ಡುಗಳಿಗಿಂತ ಇಮ್ಮಡಿ ಅಚ್ಚಾದದ್ದು. ವರ್ಷದ ಕೊನೆಯಲ್ಲಿ ಬಂದ ಆ ಸರಣಿ ಮಾರಾಟವಾಗದೆ ಉಳಿದು, 1960ರಲ್ಲಿ ಅದನ್ನು ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಾಗರಕ್ಕೆ ಸುರಿಯಲಾಯಿತೆಂದು ಬರ್ಗರ್ ಅವರೇ ಹೇಳಿದ್ದಾರೆ. ಸಮುದ್ರದ ಪಾಲಾದದ್ದು ಆ ಸರಣಿಯ ಎಲ್ಲ ಆಟಗಾರರ ಕಾರ್ಡುಗಳೂ ಹೌದು. ಬೆಲೆ ಏರಿದ್ದು ಮಾತ್ರ ಮುಖ್ಯವಾಗಿ ಖ್ಯಾತರದ್ದು. ಎಂದಮೇಲೆ ಮಾರುಕಟ್ಟೆ ಅಳೆಯುತ್ತಿರುವುದು ವಿರಳತೆಯನ್ನೂ ಅಲ್ಲ, ಇತಿಹಾಸವನ್ನೂ ಅಲ್ಲ, ಕೀರ್ತಿಯನ್ನು.

ಅನಂತರದ ಕಾಲದಲ್ಲಿ ವಿರಳತೆಯೂ ಕಾರ್ಖಾನೆಯ ಉತ್ಪನ್ನವಾಯಿತು. 1980ರ ದಶಕದ ಕೊನೆಯಲ್ಲಿ ಹಲವು ಕಂಪನಿಗಳು ಲೆಕ್ಕವಿಲ್ಲದಷ್ಟು ಕಾರ್ಡುಗಳನ್ನು ಅಚ್ಚುಹಾಕಿದವು. ಪೂರ್ಣ ಮಾಲಿಕೆಗಳನ್ನು ಪೆಟ್ಟಿಗೆಯಲ್ಲಿಟ್ಟು ಕಾರ್ಖಾನೆಯಿಂದಲೇ ಮಾರಿದವು. ಬೆಲೆ ಕುಸಿಯದಿರಲೆಂದು ಸಂಖ್ಯೆಯನ್ನು ಮಿತಗೊಳಿಸಿದ ವಿಶೇಷ ಕಾರ್ಡುಗಳು ಬಂದವು. 1990ರಲ್ಲಿ ಅಪ್ಪರ್ ಡೆಕ್ ಕಂಪನಿ ರೆಗ್ಗಿ ಜ್ಯಾಕ್ಸನ್ ಸಹಿ ಮಾಡಿದ 2,500 ಕಾರ್ಡುಗಳನ್ನು ಪೊಟ್ಟಣಗಳಲ್ಲಿ ಬೆರೆಸಿತು. 1990ರ ದಶಕ ಮುಗಿಯುವ ಮುನ್ನ ಒಂದೇ ಒಂದು ಪ್ರತಿಯಿರುವ ಕಾರ್ಡುಗಳೂ ಹೊರಬಂದವು. ಒಂದೇ ಪ್ರತಿಯಿರುವ ಕಾರ್ಡು ಯಾವ ಮಾಲಿಕೆಗೂ ಸೇರಲಾರದು. ಅದು ಬಿಡಿಯಾಗಿಯೇ ಹುಟ್ಟಿದ್ದು.

ಬೆಲೆ ಇದ್ದುದರಿಂದಲೇ ಜನ ಕಾರ್ಡುಗಳನ್ನು ಉಳಿಸಿದರಲ್ಲವೆ ಎಂದು ಕೇಳಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಹರಾಜಿನ ಸುದ್ದಿ ಕೇಳಿ ಎಷ್ಟೋ ಹಳೆಯ ಪೆಟ್ಟಿಗೆಗಳು ಅಟ್ಟದಿಂದ ಕೆಳಗಿಳಿದಿರುವುದು ನಿಜ. ಆದರೆ ಬೆಲೆಯು ಉಳಿಸುವಂತೆ ಕೆಡಿಸಲೂ ಬಲ್ಲುದು. ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ 1991ರಲ್ಲಿ ಜೊತೆಗಾರರೊಬ್ಬರೊಡನೆ 4,51,000 ಡಾಲರಿಗೆ ಕೊಂಡ ವ್ಯಾಗ್ನರ್ ಕಾರ್ಡು ಅತ್ಯುತ್ತಮ ಸ್ಥಿತಿಯದೆಂದು ಪ್ರಮಾಣಪತ್ರ ಪಡೆದಿತ್ತು. ಅದರ ಅಂಚುಗಳನ್ನು ತಾವೇ ಕತ್ತರಿಸಿ ನೇರಗೊಳಿಸಿದ್ದಾಗಿ ಹರಾಜುದಾರ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡರು. ಪ್ರತಿಯನ್ನು ಅಂದಗೊಳಿಸಲು ಪ್ರತಿಯನ್ನೇ ತಿದ್ದುವುದು ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಅಪರಿಚಿತ ದೋಷವೇನಲ್ಲ.

ಆದ್ದರಿಂದ ಈ ಕ್ಷೇತ್ರದಲ್ಲಿ ಅಧ್ಯಯನ ಕೈಗೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಖ್ಯಾತರ ಕಾರ್ಡುಗಳನ್ನು ಬದಿಗಿಟ್ಟು, ಸಂಗ್ರಾಹಕರು ‘ಕಾಮನ್’ ಎಂದು ತಾತ್ಸಾರದಿಂದ ಕರೆಯುವ ಸಾಧಾರಣ ಆಟಗಾರರ ಕಾರ್ಡುಗಳಿಂದ ಆರಂಭಿಸಬೇಕು. ಮಾಲಿಕೆಯ ಬಹುಭಾಗ ಅವರದೇ. ಮುಂಬದಿಯಷ್ಟೇ ಶ್ರದ್ಧೆಯಿಂದ ಹಿಂಬದಿಯನ್ನು ಓದಬೇಕು. ಯಾರಿಗಾಗಿ, ಯಾವ ಸರಕಿನೊಂದಿಗೆ ಬಂದಿತು, ಯಾರನ್ನು ಬಿಟ್ಟಿತು, ಅಪರೂಪವಾದದ್ದು ಹೇಗೆ ಎಂಬ ಪ್ರಶ್ನೆಗಳನ್ನು ಪ್ರತಿಯೊಂದು ಕಾಲದ ಮಾಲಿಕೆಗೂ ಸಮನಾಗಿ ಹಾಕಬೇಕು. ಬೆಲೆಯಿಲ್ಲವೆಂದು ಮೂಲೆಗೆ ಬಿದ್ದಿರುವ 1980ರ ದಶಕದ ಮಾಲಿಕೆಗಳು ಅಗ್ಗವಾಗಿ, ಅಖಂಡವಾಗಿ ದೊರೆಯುತ್ತವೆ. ಒಂದು ಹಾಳೆಯೂ ಕಳೆಯದ ಗ್ರಂಥ ಸಂಶೋಧಕನ ಕೈಗೆ ಸಿಗುವುದು ಅಪೂರ್ವ. ಸಿಕ್ಕಾಗ ಅದರ ಮಾರುಕಟ್ಟೆಯ ದರವನ್ನು ವಿಚಾರಿಸುವ ಅಗತ್ಯವಿಲ್ಲ.